ಎಣ್ಣೆ ಕಲೆಗೆ ಸೀಗೆಪುಡಿ

ಅತ್ತೆ,

ನಡುಮನೆಗೆ ಬಣ್ಣ ಹೊಡೆಸಿದೆ. ಚಿಕ್ಕಬಾಣಾವರದ ಈ ಮನೆಗೆ ಬಂದ ದಿನ ಬಿಳಿ ಗೋಡೆ ನೋಡಿ ನೀವು, "ಇದೇನ್ ಮನೀನೋ ದವಾಖಾನೀನೋ?" ಅಂದಿದ್ದಿರಿ. ಈ ಸಲ ನಿಮ್ಮ ಮೊಮ್ಮಗಳು ಬೂದಿ ಬಣ್ಣ ಅಂದಳು, ನಿಮ್ಮ ಮಗ ಮತ್ತೆ ಬಿಳಿಯೇ ಸಾಕು ಅಂದರು. ನಾನು ಜಾಲಹಳ್ಳಿಯ ಅಂಗಡಿಯಿಂದ ಬಣ್ಣದ ಪಟ್ಟಿಯನ್ನು ರಸ್ತೆಗೆ ತಂದು, ಬಿಸಿಲಲ್ಲಿ ಹಿಡಿದು ನೋಡಿ, ನೆನೆಸಿದ ಕಡಲೆಬೇಳೆಯ ಹಳದಿ ಆರಿಸಿದೆ. ಯಾರನ್ನೂ ಕೇಳಲಿಲ್ಲ. ನೀವಿದ್ದಿದ್ದರೆ ನಿಮ್ಮನ್ನಾದರೂ ಕೇಳುತ್ತಿದ್ದೆನಾ?

ಊಟವಾದ ಮೇಲೆ ನೀವು ಟಿವಿ ಎದುರಿನ ಗೋಡೆಗೆ ಒರಗಿ ಕೂರುತ್ತಿದ್ದಿರಿ. ನಿಮ್ಮ ತಲೆಯ ಕೊಬ್ಬರಿ ಎಣ್ಣೆ ಅಲ್ಲಿ ತಟ್ಟೆಯಗಲ ಕಪ್ಪಗೆ ಇಳಿದಿತ್ತು. ನೀವು ಹೋದ ಮೇಲೆ ಇವರು 'ಅವ್ವ' ಅನ್ನುವುದನ್ನೇ ಬಿಟ್ಟರು. ನಾನು ನಿಮ್ಮ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಆ ಕಲೆಯ ಪಕ್ಕ ಮಾತ್ರ ಸುಮ್ಮನೆ ಕೂತಿರುತ್ತಿದ್ದರು. ಹೀಗೇ ಎಷ್ಟು ದಿನ ಅಂತ...

ಪೇಂಟರ್ ನಯಾಜ್ ಕಲೆ ಉಜ್ಜಲು ಹೋದಾಗ ಇವರು, "ಅದೊಂದು ಬಿಡಪಾ" ಅಂದರು.

"ಹಂಗೇ ಬಿಟ್ರೆ ಬಣ್ಣ ನಿಲ್ಲಲ್ಲ ಸಾರ್. ಎಣ್ಣೆ ಹೋಗ್ಬೇಕು."

"ಬಿಡೋದು ಬೇಡ. ನೀವೇ ತೆಗೀರಿ," ಅಂದೆ ಇವರಿಗೆ. ಗಟ್ಟಿಯಾಗಿಯೇ ಅಂದೆ, ಅತ್ತೆ. ಇವರು ಒಳಗೆ ಹೋಗಿ ಬಟ್ಟಲಲ್ಲಿ ಸೀಗೆಪುಡಿ ಕಲಸಿ ತಂದರು! ನಿಮಗೆ ಕೈ ಎತ್ತಲು ಆಗದಿದ್ದಾಗ ನಿಮ್ಮ ತಲೆ ಇವರೇ ಉಜ್ಜುತ್ತಿದ್ದರಲ್ಲ, ಹಾಗೇ ಬೆರಳ ತುದಿಯಿಂದ ಮೆಲ್ಲಗೆ ಗೋಡೆ ಉಜ್ಜಿದರು. ಕಂದು ನೀರು ಕೆಳಗಿನವರೆಗೂ ಇಳಿದು, ಇದ್ದ ಕಲೆ ಇನ್ನೂ ದೊಡ್ಡದಾಯಿತು.

"ಏನ್ ಸಾರ್, ಗೋಡೆಗೆ ತಲೆಸ್ನಾನ ಮಾಡಿಸ್ತಿದ್ದೀರಾ?" ನಯಾಜ್ ಏಣಿ ಮೇಲಿಂದಲೇ ಕೂಗಿದ.

ಇವರು ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡು, "ನಮ್ಮವ್ವನ ಕಣ್ಣಿಗೆ ಸೀಗೀಕಾಯಿ ಬಿದ್ರ ಇಡೀ ಓಣಿಗೆ ಕೇಳೂಹಂಗ ಬೈತಿದ್ಲು ನೋಡಪಾ" ಅಂದರು. ಆಮೇಲೆ ನಿಲ್ಲಿಸಲೇ ಇಲ್ಲ. ನಯಾಜ್ ಸೋಪು ನೀರಲ್ಲಿ ತೊಳೆದು, ಉಪ್ಪುಕಾಗದ ತಿಕ್ಕಿ, ಪ್ರೈಮರ್ ಹೊಡೆದು ಮುಗಿಸುವವರೆಗೂ ನಿಮ್ಮದೇ ಕಥೆ. ನನಗೇ ಗೊತ್ತಿರದ ಎಷ್ಟೋ ಬೈಗುಳ ಆವತ್ತು ಕೇಳಿದೆ.

ನಿಮಗೊಂದು ಸುದ್ದಿ ಹೇಳಬೇಕು. ಮೊಮ್ಮಗಳಿಗೆ ಗಂಡು ಗೊತ್ತಾಗಿದೆ. ಹುಡುಗ ಯಲಹಂಕದವನು, ಮಾತು ಜಾಸ್ತಿ, ನಿಮಗೆ ಹಿಡಿಸುತ್ತಿದ್ದ. ಭಾನುವಾರ ಬೀಗರು ಬರುತ್ತಾರೆ. ಆ ಗೋಡೆಗೆ ಯಾರಾದರೂ ಒರಗಿ ಕೂತರೆ, ಹೊಸ ಬಣ್ಣ ಹಾಳಾಗುತ್ತೆ ಅಂತ ನಾನು ಏಳಿಸುವುದಿಲ್ಲ.