ಬಲಗಡೆಯ ಕೆಳಗಿನ ನಟ್ಟು

ಮಾರ್ಚ್ 2, ಭಾನುವಾರ. ಬೆಳಿಗ್ಗೆ 11

ಎಡಗಡೆ ಬಿಚ್ಚಿ ಆಯಿತು. ಬಲಗಡೆಯ ಬಾಲ್ ಜಾಯಿಂಟ್ ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಎಣ್ಣೆ ಬಿಟ್ಟು ಕಾಫಿ ಕುಡಿಯುತ್ತ ಕೂತಿದ್ದೇನೆ. ನೆನೆಯಲಿ.

ಎಟಿವಿ, ಅಂದರೆ ಮಣ್ಣಿನ ದಾರಿಯ ನಾಲ್ಕು ಚಕ್ರದ ಬೈಕು, ತಂಗಿಯದು. ಅವಳ ಮನೆಯಲ್ಲಿ ನಿಲ್ಲಿಸಲು ಜಾಗವಿಲ್ಲ, ಹಾಗಾಗಿ ನಮ್ಮ ಶೆಡ್ಡಿನಲ್ಲಿ. ತಿರುವಿನಲ್ಲಿ ಒಳಚಕ್ರ ಮೇಲೇಳುತ್ತದೆ, ಜಂಪ್ ಆದಮೇಲೆ ಮುಂದಿನ ಶಾಕ್ ಅಬ್ಸಾರ್ಬರ್ ತಳ ಬಡಿಯುತ್ತದೆ — ಎರಡು ವರ್ಷದಿಂದ ಇದೇ ರಾಗ. ಈಗ ಚಕ್ರವನ್ನು ಗಾಡಿಗೆ ಹಿಡಿದಿಡುವ ಹೊಸ ಎ-ಆರ್ಮ್ ಬಂದಿದೆ, ಎರಡೂ ಕಡೆ ಎರಡೆರಡು ಇಂಚು ಅಗಲ. ಉದ್ದನೆಯ ಹೊಸ ಶಾಕ್ ಬೇರೆ. ಮುಂದಿನ ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ರೇಸು. ಹೋದ ಸಲ ಮೂರನೆಯವಳಾಗಿ ಬಂದಿದ್ದಳು.

ಅಮ್ಮ ಇಣುಕಿ ನೋಡಿ, ಇಷ್ಟೊಂದು ಬಿಚ್ಚಿ ಹರಡಿದ್ದೀಯಲ್ಲ, ವಾಪಸ್ ಜೋಡಿಸೋಕೆ ಬರುತ್ತಾ ಅಂದಳು. ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವ ಮಗನಿಗೆ ಕೇಳುವ ಪ್ರಶ್ನೆಯೇ ಇದು!

ಮಾರ್ಚ್ 5, ಬುಧವಾರ. ಸಂಜೆ

ಬುಷ್ ಕೂರಿಸಿದೆ. ಗ್ರೀಸ್ ಮೊಣಕೈವರೆಗೆ. ತಂಗಿ ತನ್ನ ಬ್ಯೂಟಿ ಪಾರ್ಲರ್ ಮುಚ್ಚಿ ನೇರ ಇಲ್ಲಿಗೇ ಬಂದಳು. ಹೊಸ ಶಾಕನ್ನು ಮಡಿಲಲ್ಲಿಟ್ಟುಕೊಂಡು ಒರೆಸಿದ್ದೇ ಒರೆಸಿದ್ದು. ಗಂಡನಿಗೆ ಇಷ್ಟು ಉಪಚಾರ ಮಾಡಿದ್ದೀಯಾ ಅಂತ ಕೇಳಿದೆ. ಅವರು ಹಾರಲ್ವಲ್ಲ ಅಂದಳು.

ಎಡಗಡೆ ಬಿಗಿ ಮಾಡಿದೆ, ಅವಳು ಗೆರೆ ಎಳೆದಳು. ನಮ್ಮ ಲಿಫ್ಟ್ ಕಂಪನಿಯ ಪದ್ಧತಿ. ಒಬ್ಬ ಬಿಗಿ ಮಾಡಬೇಕು. ಇನ್ನೊಬ್ಬ ರೆಂಚ್ ಹಾಕಿ ನೋಡಿ, ನಟ್ಟು ಬೋಲ್ಟ್ ಎರಡರ ಮೇಲೂ ಹಾಯುವ ಹಾಗೆ ಹಳದಿ ಗೆರೆ ಎಳೆಯಬೇಕು. ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಬಿಗಿ ಮಾಡಿದವನೇ ಗೆರೆ ಎಳೆಯುವಂತಿಲ್ಲ. ಅವಳಿಗೆ ಕಲಿಸಿದವನೂ ನಾನೇ. ಮಗ್ಗಿ ಒಪ್ಪಿಸುವ ಹಾಗೆ ಒಂದೊಂದು ನಟ್ಟಿನ ಹೆಸರನ್ನೂ ಬಾಯಿಬಿಟ್ಟು ಹೇಳುತ್ತ ಎಳೆಯುತ್ತಾಳೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 3

ಬಲಗಡೆಯೂ ಕೂತಿತು. ಶಾಕಿನ ಕೆಳಗಿನ ಬೋಲ್ಟಿಗೆ ಮಾತ್ರ ನಟ್ಟನ್ನು ಕೈಯಲ್ಲೇ ನಾಲ್ಕು ಸುತ್ತು ಕೊಟ್ಟು ಬಿಟ್ಟಿದ್ದೇನೆ. ಗಾಡಿ ಜ್ಯಾಕಿನಿಂದ ಇಳಿದು ತನ್ನ ಭಾರ ತಾನು ಹೊತ್ತ ಮೇಲೆ ಬಿಗಿ ಮಾಡುವುದು.

ಅದೇ ದಿನ, ಸಂಜೆ 6.30

ಎಟಿವಿ ಕ್ಲಬ್ಬಿನ ಸೆಕ್ರೆಟರಿ ‘ಸೀಟಿ’ — ಮಾತಿಗಿಂತ ಅವನು ಸೀಟಿ ಊದುವುದೇ ಹೆಚ್ಚು — ಗ್ರೂಪಿಗೆ ಫೋಟೋ ಕಳಿಸು ಗುರು ಅಂತ ಗಂಟುಬಿದ್ದ. ಬಲಗಡೆ ಗೆರೆಯಿಲ್ಲದೆ ಬೋಳುಬೋಳು ಕಂಡಿತು. ತಂಗಿ ಬರುವುದು ಐದಕ್ಕೆ. ಬಣ್ಣದ ಪೆನ್ನು ತಗೊಂಡು ನಾನೇ ಎಲ್ಲಕ್ಕೂ ಎಳೆದೆ. ಫೋಟೋ ಮಸ್ತ್ ಬಂತು. ಇದು ಶೋರೂಮಾ ಮನೆಯಾ ಅಂತ ಒಬ್ಬ ಕೇಳಿದ. ಒಂದೊಂದು ಮೆಸೇಜನ್ನೂ ಅಮ್ಮನಿಗೆ ಓದಿ ಹೇಳಿದೆ.

ತಂಗಿ ಬಂದು ಬಲಗಡೆ ಬಗ್ಗಿ ನೋಡಿದಳು. ನೀನೇ ಎಳೆದುಬಿಟ್ಯಾ ಅಂದಳು. ಎಲ್ಲಾ ಎರಡೆರಡು ಸಲ ನೋಡಿದ್ದೀನಿ, ಟ್ರೇಲರ್ ಬಂದು ಕಾಯ್ತಿದೆ, ಹೊರಡು ಅಂದೆ. ಅವಳು ಮತ್ತೆ ಕೇಳಲಿಲ್ಲ. ಗಾಡಿ ಹೋಯಿತು. ನಾಳೆ ನೋಡಬೇಕು ಅವಳ ಓಟ!

ಮಾರ್ಚ್ 9, ಭಾನುವಾರ

ಆಸ್ಪತ್ರೆ. ಎರಡನೇ ಸುತ್ತು, ದೊಡ್ಡ ಜಂಪ್. ನೆಲ ಮುಟ್ಟಿದ್ದೇ ತಡ, ಬಲಗಡೆ ಮುಂಭಾಗ ಮಂಡಿಯೂರಿತು. ಅವಳು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದಳು.

ಕತ್ತಿನ ಕೆಳಗಿನ ಮೂಳೆ ಎರಡು ತುಂಡು. ಬಲ ಮಣಿಕಟ್ಟು ಬೇರೆ. ಸ್ಟ್ರೆಚರ್ ಮೇಲೆ ಮಲಗಿಕೊಂಡೇ, “ವಾರೆಯಾಗಿ ಹಾರ್ಬಿಟ್ಟೆ ಕಣೋ, ನಿನ್ನ ಕೆಲಸ ಎಲ್ಲ ಹಾಳು ಮಾಡ್ಬಿಟ್ಟೆ” ಅಂದಳು. ತಲೆ ಸವರಿ, ಇರಲಿ ಬಿಡು, ಎಲ್ಲರಿಗೂ ಆಗುತ್ತೆ ಅಂದೆ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 7

ಕ್ಲಬ್ಬಿನವರು ಗಾಡಿಯನ್ನು ಶೆಡ್ಡಿಗೆ ತಂದಿಳಿಸಿದ್ದಾರೆ. ಬಿದ್ದ ಏಟಿಗೆ ಶಾಕಿನ ಬೋಲ್ಟ್ ತುಂಡಾಗಿದೆ ಅಂದಿದ್ದರು. ಮಣ್ಣು ಕೆರೆದೆ. ಬೋಲ್ಟ್ ಜಾರಿ ಬಂದು ಆರ್ಮಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಇಡೀ ಬೋಲ್ಟ್. ಬಾಗಿಲ್ಲ. ತಿರುಪಿನ ಸುತ್ತು ಒಂದೂ ಕೆಟ್ಟಿಲ್ಲ. ನಟ್ಟು ಇಲ್ಲ.

ಶನಿವಾರವನ್ನು ಮತ್ತೆ ಮತ್ತೆ ತಿರುವಿ ಹಾಕಿದೆ. ನಾಲ್ಕು ಸುತ್ತು ಕೊಟ್ಟೆ, ಗೆರೆ ಎಳೆದೆ, ಫೋಟೋ ತೆಗೆದೆ, ಗಾಡಿ ಇಳಿಸಿದೆ. ಬಿಗಿ ಮಾಡಲಿಲ್ಲ. ಇಳಿಸಿದ ಮೇಲೆ ನೋಡಿದ್ದೆ ಕೂಡ. ಹಳದಿ ಗೆರೆ ಕಂಡಿತು, ಆಯಿತು ಅಂದುಕೊಂಡೆ. ನನ್ನ ಸುಳ್ಳಿಗೆ ನಾನೇ ಮೋಸಹೋದೆ.

ಬೋಲ್ಟ್ ಜೇಬಿಗೆ ಹಾಕಿಕೊಂಡೆ. ಯಾರೂ ಇರಲಿಲ್ಲ, ಆದರೂ ಆ ಕಡೆ ಈ ಕಡೆ ನೋಡಿ ಹಾಕಿಕೊಂಡೆ.

ಮಾರ್ಚ್ 11, ಮಂಗಳವಾರ

ಸೀಟಿಯ ಫೋನು. ಬೋಲ್ಟ್ ಮುರಿದಿದ್ದು ತಾನೇ ಅಂದ. ಹ್ಞೂಂ, ಎರಡು ತುಂಡು ಅಂದೆ. ನಾಲಿಗೆ ತಡವರಿಸಲೇ ಇಲ್ಲ. ಅದೇ ಹೆಚ್ಚು ನಾಚಿಕೆ.

ಮಾರ್ಚ್ 19, ಬುಧವಾರ

ಒಂಬತ್ತು ಮಹಡಿಯ ಕಟ್ಟಡ, ಲಿಫ್ಟಿನ ಬ್ರೇಕ್ ಕೆಲಸ. ಜೊತೆಗೆ ದಪ್ಪಣ್ಣ, ನನಗಿಂತ ಆರು ವರ್ಷ ದೊಡ್ಡವನು. ಬ್ರೇಕಿನ ಒಂದು ನಟ್ಟನ್ನು ತಾನೇ ಬಿಗಿ ಮಾಡಿ ತಾನೇ ಗೆರೆ ಎಳೆದಿದ್ದ. ಸೂಪರ್‌ವೈಸರ್ ಕಣ್ಣಿಗೆ ಬಿತ್ತು. ಎಲ್ಲರೆದುರು ಅವನನ್ನು ಹಿಗ್ಗಾಮುಗ್ಗಾ ಬೈದರು. ಕೊನೆಗೆ ನನ್ನ ಕಡೆ ತೋರಿಸಿ, ಇವರನ್ನ ನೋಡಿ ಕಲೀರಿ, ಹದಿನೇಳು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿಲ್ಲ ಅಂದರು.

ದಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದ. ನಟ್ಟು ಪರೀಕ್ಷಿಸಿದೆ. ಬಿಗಿಯಾಗಿಯೇ ಇತ್ತು, ಕೂದಲೆಳೆಯಷ್ಟೂ ಕದಲಲಿಲ್ಲ. ಬಿಗಿ ಇದೆ ಸಾರ್ ಅಂತ ಹೇಳಬಹುದಿತ್ತು. ರೆಂಚನ್ನು ಚೀಲಕ್ಕೆ ಹಾಕಿದೆ. ಊಟಕ್ಕೆ ಕೂತಾಗ ದಪ್ಪಣ್ಣ ಡಬ್ಬಿಯಿಂದ ಅರ್ಧ ನನಗೆ ಬಡಿಸಿದ. ನಿನ್ನ ಹೆಸರು ಕೆಡಿಸಿಬಿಡ್ತಿದ್ದೆ ಅಂದ.

ಮಾರ್ಚ್ 23, ಭಾನುವಾರ

ತಂಗಿಯ ಮನೆ. ಅಮ್ಮನೂ ಬಂದಿದ್ದಳು. ಪಾರ್ಲರ್ ಮುಚ್ಚೇ ಇದೆ. ಬಲಗೈ ಕಟ್ಟುಹಾಕಿ ಎದೆಗೆ ನೇತು ಹಾಕಿದ್ದಾರೆ. ತಂಗಿಯ ಗಂಡ ಅವಳಿಗೆ ತಲೆ ಬಾಚುತ್ತಿದ್ದರು. ಹೈಸ್ಕೂಲಿನಲ್ಲಿ ಪಾಠ ಹೇಳುವವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಎಷ್ಟು ಬಾಚಿದರೂ ಬೈತಲೆ ಸೊಟ್ಟಗೇ. ಪಾಠ ಹೇಳಿದ ಹಾಗಲ್ಲ ಮೇಷ್ಟ್ರೇ ಅಂದಳು ತಂಗಿ. ನಗಲಿಲ್ಲ ಮಾತ್ರ.

ಅಮ್ಮ ಶುರು ಮಾಡಿದಳು. ಮೂವತ್ತನಾಲ್ಕು ವರ್ಷ ಆಯ್ತು, ಇನ್ನೂ ಹುಡುಗಾಟ, ಆಗದ ಕೈಗೆ ಹಾರುವ ಹುಚ್ಚು ಯಾಕೆ. ಮೇಷ್ಟ್ರು ದನಿ ಏರಿಸುವವರಲ್ಲ. ಮೆತ್ತಗೇ, “ಭಾವ, ನೀವು ಅಷ್ಟು ಕಷ್ಟಪಟ್ಟು ಗಾಡಿ ಮಾಡಿಕೊಟ್ರಿ. ಓಡಿಸೋಕೆ ಬರಲಿಲ್ಲ ಅಂದ್ರೆ ನೀವೇನು ಮಾಡ್ತೀರಿ” ಅಂದರು.

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಬಿಡಲಿಲ್ಲ. ಬಿಸ್ಕತ್ತು ತಿಂದೆ.

ತಂಗಿ ಒಂದು ಮಾತೂ ಎದುರಾಡಲಿಲ್ಲ. ಇಂಥ ಮಾತಿಗೆ ಮೊದಲಾಗಿದ್ದರೆ ಮನೆ ಹಾರಿಹೋಗುವಂತೆ ಜಗಳ ತೆಗೆಯುತ್ತಿದ್ದವಳು.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10

ಗಾಡಿ ಮಾರುತ್ತಾಳಂತೆ. ಸೀಟಿಯೇ ತಗೊಳ್ಳುತ್ತಾನೆ, ಮುಂದಿನ ಭಾನುವಾರ ಬರುತ್ತಾನೆ. ಹೆಲ್ಮೆಟ್ಟು, ಬೂಟು, ಎಲ್ಲ ಜೊತೆಗೆ.

ಯಾಕೆ, ವಾಸಿಯಾದ ಮೇಲೆ ನೋಡೋಣ ಅಂದೆ. ಆಗ ಹೇಳಿದಳು — ದಿನಾ ಮಧ್ಯಾಹ್ನ ಕಣ್ಣು ಮುಚ್ಚಿ ಆ ಜಂಪನ್ನು ಹಾರುತ್ತಾಳಂತೆ. ಗ್ಯಾಸ್ ಎಲ್ಲಿ ಕೊಟ್ಟೆ, ಮೈ ಎಲ್ಲಿ ಹಿಂದಕ್ಕೆ ಹಾಕಿದೆ, ಎಲ್ಲ ನೆನಪಿದೆಯಂತೆ. “ಎಲ್ಲಿ ತಪ್ಪಿದೆ ಅಂತ ಹುಡುಕ್ತೀನಿ, ಸಿಗೋದೇ ಇಲ್ಲ ಕಣೋ. ತಪ್ಪು ಸಿಕ್ಕಿದ್ರೆ ತಿದ್ದಿಕೊಳ್ಳಬಹುದಿತ್ತು. ನನ್ನ ಮೈ ಮೇಲೆ ನನಗೇ ನಂಬಿಕೆ ಹೋಯ್ತು.”

ಅವಳು ಹುಡುಕುತ್ತಿರುವುದು ನನ್ನ ಅಲ್ಮೇರಾದಲ್ಲಿದೆ. ಕಾಲುಚೀಲದೊಳಗೆ. ಸರಿ, ನಿನ್ನಿಷ್ಟ ಅಂದೆ. ಎದ್ದು ಬಂದೆ. ನಾನು ಇಷ್ಟು ನೀಚ ಅಂತ ನನಗೆ ಗೊತ್ತಿರಲಿಲ್ಲ.

ಏಪ್ರಿಲ್ 9

ಇವತ್ತೂ ತಂಗಿಗೆ ಹೇಳಲು ಹೋಗಲಿಲ್ಲ. ಬೀದಿ ತಿರುವಿನವರೆಗೆ ಹೋಗಿ ವಾಪಸ್.

ಏಪ್ರಿಲ್ 12, ಶನಿವಾರ. ಸಂಜೆ 5

ಹೇಳಿದೆ.

ಮೇಷ್ಟ್ರು ಶಾಲೆಗೆ ಹೋಗಿದ್ದರು. ಬೋಲ್ಟನ್ನು ಅವಳ ಮುಂದಿನ ಟೀಪಾಯಿ ಮೇಲಿಟ್ಟೆ. ಕೈಯಲ್ಲಿ ನಾಲ್ಕು ಸುತ್ತು, ಫೋಟೋ, ಗೆರೆ, ಎರಡೆರಡು ಸಲ ನೋಡಿದ್ದೀನಿ ಎಂಬ ಸುಳ್ಳು, ಸೋಮವಾರ ಬೆಳಿಗ್ಗೆ ಗೊತ್ತಾದದ್ದು, ಜೇಬಿಗೆ ಹಾಕಿಕೊಂಡದ್ದು. ಎಲ್ಲ. ಬೈಗುಳಕ್ಕೆ ಮೈ ಬಿಗಿಹಿಡಿದು ಕೂತೆ. ಬೋಲ್ಟನ್ನೇ ಎತ್ತಿ ಹೊಡೆದರೂ ಸರಿ ಅಂತಿದ್ದೆ.

ಎಡಗೈಯಲ್ಲಿ ಎತ್ತಿಕೊಂಡಳು. ಉಗುರಿನಿಂದ ತಿರುಪಿನ ಸುತ್ತುಗಳನ್ನು ಗೀರಿ ನೋಡಿದಳು. ತುಂಬ ಹೊತ್ತು.

“ಹಾಗಾದ್ರೆ ನಾನು ಸರಿಯಾಗೇ ಹಾರಿದ್ನಾ?”

ಹೌದು ಅಂದೆ.

“ಇನ್ನೊಂದ್ಸಲ ಹೇಳು.”

ನೀನು ಸರಿಯಾಗಿಯೇ ಹಾರಿದೆ ಅಂದೆ. ಮೂರನೇ ಸಲವೂ ಹೇಳಿಸಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಒಂದೇ ಕೈ, ಅರ್ಧ ಮುಖವೇ ಮುಚ್ಚಿತು. ಮೂಳೆ ಮುರಿದ ದಿನ ಕಣ್ಣಲ್ಲಿ ಒಂದು ಹನಿ ತೆಗೆದಿರಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಇದನ್ನು ನೋಡಲಾಗಲಿಲ್ಲ.

ಕ್ಷಮಿಸು ಅನ್ನಲು ಬಾಯಿ ತೆರೆದೆ. ತಡೆದಳು.

“ಬೋಲ್ಟ್ ಮರೆತಿದ್ದಕ್ಕೆ ಆವತ್ತೇ ಬೈದು ಮರೆತುಬಿಡ್ತಿದ್ದೆ. ಆದ್ರೆ ಅಮ್ಮ ಅಷ್ಟೆಲ್ಲ ಅಂದಾಗ ನೀನು ಪಕ್ಕದಲ್ಲೇ ಕೂತಿದ್ಯಲ್ಲೋ. ನಂಗೊಬ್ಬಳಿಗೇ ಗುಟ್ಟಾಗಿ ಹೇಳಿದ್ರೆ ಮುಗೀಲಿಲ್ಲ. ನಾಳೆ ಎಲ್ಲರೂ ಇರ್ತಾರೆ. ಅವರೆದುರಿಗೆ ಹೇಳು. ನಾನು ಬಾಯಿ ಬಿಡಲ್ಲ, ನೀನೇ ಹೇಳ್ಬೇಕು.”

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10.40

ನಮ್ಮ ಮನೆ. ಎಲ್ಲರೂ ಹೊರಗೆ ಹಾಲಿನಲ್ಲಿದ್ದಾರೆ. ಅಮ್ಮ, ಮೇಷ್ಟ್ರು, ಸೀಟಿ. ತಂಗಿ ಬಾಗಿಲಿಗೆ ಎದುರಾಗಿ ಕೂತಿದ್ದಾಳೆ. ಅಂಗಿ ಬದಲಾಯಿಸಿ ಬರ್ತೀನಿ ಅಂತ ಒಳಗೆ ಬಂದು ಬರೆಯುತ್ತ ಕೂತಿದ್ದೇನೆ. ನಲವತ್ತು ವರ್ಷದ ಗಂಡಸು.

ಬಾಯಿಪಾಠ ಮಾಡುತ್ತಿದ್ದೇನೆ. ಟ್ರೇಲರ್ ಬಂದು ಕಾಯುತ್ತಿತ್ತು, ಅವಸರವಾಗಿತ್ತು... ಬೇಡ. ಟ್ರೇಲರಿನ ತಪ್ಪೇನೂ ಇಲ್ಲ. ನಟ್ಟು ನಾನು ಬಿಗಿ ಮಾಡಲಿಲ್ಲ. ಮಾಡಿದ್ದೇನೆ ಅಂತ ಅವಳಿಗೆ ಸುಳ್ಳು ಹೇಳಿದೆ. ಗೊತ್ತಾದ ಮೇಲೂ ಐದು ವಾರ ಅವಳ ತಲೆಗೇ ಕಟ್ಟಿದೆ. ಮೂರೇ ಮಾತು. ಬರೆಯಲು ಅರ್ಧ ನಿಮಿಷ ಹಿಡಿಯಲಿಲ್ಲ.

ಹೊರಗೆ ಮೇಷ್ಟ್ರ ದನಿ. ಅವಳಿಗೆ ಅಂದಾಜು ತಪ್ಪಿತು ಅಂತ ಸೀಟಿಗೆ ವಿವರಿಸುತ್ತಿದ್ದಾರೆ. ಅವನು ಹ್ಞಾಂ ಹ್ಞಾಂ ಅನ್ನುತ್ತಿದ್ದಾನೆ. ತಂಗಿ, “ಸ್ವಲ್ಪ ತಡೀರಿ, ಅಣ್ಣ ಬರ್ಲಿ” ಅಂದಳು. ಅಷ್ಟೇ.

ಎದ್ದೆ. ಚಿಲಕದವರೆಗೆ ಹೋಗಿ ಮತ್ತೆ ಬಂದು ಕೂತೆ. ಹೇಡಿ. ಅಂಗಿ ಹಾಕೋಕೆ ಇಷ್ಟು ಹೊತ್ತಾ ಅಂತ ಅಮ್ಮ ಕೂಗುತ್ತಿದ್ದಾಳೆ.

ಬಾಗಿಲು ತೆರೆಯಿತು. ತಂಗಿ. ಎಡಗೈ ಚಾಚಿಕೊಂಡು ನಿಂತಿದ್ದಾಳೆ, ನನ್ನ ಕೈ ಹಿಡಿದುಕೊಂಡು ಹೋಗಲು —