ಒರೆಸದೆ ಉಳಿದದ್ದು

ಫೆಬ್ರುವರಿ 18, ಬುಧವಾರ. ಬೆಳಿಗ್ಗೆ 6

ನಿನ್ನೆಯೂ ಮೂರು ಸಲ ನೆಲ ಒರೆಸಿದೆ. ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಿಂದಲೇ ಒರೆಸಿ ಅಂದಿದ್ದಾರೆ ಡಾಕ್ಟರು. ಹಾಸಿಗೆ ಬಿಸಿಲಿಗೆ. ಕೌದಿ ಬಿಸಿನೀರಿಗೆ. ಫ್ಯಾನಿನ ರೆಕ್ಕೆ, ಟಿವಿ ಹಿಂದೆ, ಕಪಾಟಿನ ತಲೆ... ಎಲ್ಲಾ ಆಯಿತು. ಆದರೂ ಬೆಳಗಿನ ಜಾವ ಮಗಳು ವೈಶಾಲಿಯ ಎದೆಯಲ್ಲಿ ಸುಂಯ್ ಸುಂಯ್. ಇನ್ನೂ ಒಂಬತ್ತು ವರ್ಷ.

ಅತ್ತೆ ಸೋಮವ್ವ ನಕ್ಕರು. "ನೆಲ ಸವದು ಕುಣಿ ಬಿದ್ದೀತು. ಸಾಕ ಬಿಡ ನಮ್ಮವ್ವಾ."

ಯಜಮಾನರು ನಗಲಿಲ್ಲ. "ಪರೀಕ್ಷಾ ಮುಗೀಲಿ. ಸಾವಳಗ್ಯಾಗ ಅಕ್ಕನ ಮನ್ಯಾಗ ಬಿಟ್ಟ ಬರೂಣು. ಸಾಲಿನೂ ಅಲ್ಲೇ."

ವೈಶಾಲಿಯನ್ನು ಬಿಟ್ಟು ಬರುವುದೇ?

ಫೆಬ್ರುವರಿ 20

ಒಂದು ವಿಚಾರ ಹೊಳೆದಿತ್ತು. ಧೂಳು ಎಲ್ಲಿ ಹೆಚ್ಚು ಬೀಳುತ್ತದೆ ನೋಡಲು ನಿನ್ನೆ ಮೂರು ಸ್ಟೀಲ್ ತಟ್ಟೆಗೆ ಎಣ್ಣೆ ಸವರಿ ಮೂರು ಕಡೆ ಇಟ್ಟಿದ್ದೆ. ಮಗ್ಗದ ಕೋಣೆಯ ತಟ್ಟೆ ತುಂಬಾ ಹಸಿರು ನೂಲಿನ ಧೂಳು. ಪಡಸಾಲೆಯದರಲ್ಲಿ ಮಣ್ಣು. ವೈಶಾಲಿಯ ಹಾಸಿಗೆ ಪಕ್ಕದ್ದು — ಎಲ್ಲಕ್ಕಿಂತ ಸ್ವಚ್ಛ! ಮಗ್ಗದ ಕೋಣೆಗೂ ಅವಳ ಕೋಣೆಗೂ ನಡುವಿನ ಕಿಟಕಿಗೆ ಹಸಿ ಗೋಣಿ ಕಟ್ಟಿದೆಯಲ್ಲ, ಅದರ ಪುಣ್ಯ. ಒಣ ಗಾಳಿಗೆ ನೂಲು ಹರಿಯಬಾರದೆಂದು ಕಟ್ಟಿದ್ದು, ಧೂಳನ್ನೂ ತಡೆಯುತ್ತಿದೆ.

ಮತ್ತೆ ಅಲ್ಲೇ ಮಲಗುವ ಮಗುವಿಗೆ ದಮ್ಮು ಯಾಕೆ? ಆರನೇ ಇಯತ್ತೆಗೆ ಸಾಲಿ ಬಿಡಿಸಿ ನೂಲು ಸುತ್ತಲು ಕೂರಿಸಿದರು ನನ್ನನ್ನು. ಇದೆಲ್ಲ ಹೇಗೆ ತಿಳಿಯಬೇಕು?

ಫೆಬ್ರುವರಿ 24, ಮಂಗಳವಾರ

ವೈಶಾಲಿಯೂ ನಾನೂ ಸಾವಳಗಿಯಿಂದ ಬಂದೆವು. ಮೂರು ರಾತ್ರಿ ಒಂದು ಸಲವೂ ಸುಂಯ್ ಅನ್ನಲಿಲ್ಲ! ಅಲ್ಲಾದರೋ — ಜೋಳದ ರಾಶಿ ನಡೆದಿದೆ, ಮನೆ ತುಂಬಾ ಹೊಟ್ಟು. ಟ್ರ್ಯಾಕ್ಟರ್ ಹಾದರೆ ಊಟದ ತಟ್ಟೆಗೂ ಮಣ್ಣು.

ಯಜಮಾನರ ಅಕ್ಕ ಹಿಗ್ಗಿದರು. "ನೋಡವಾ, ನಮ್ಮ ಮಣ್ಣಾಗ ಹುಡುಗಿ ಹೆಂಗ ಹಸನಾತು! ಇಲ್ಲೇ ಬಿಟ್ಟ ಹೋಗು."

ಬಸ್ಸಿನಲ್ಲಿ ಮಗಳನ್ನೇ ಕೇಳಿದೆ. ಅಲ್ಲಿ ಇಲ್ಲದ್ದು ನಮ್ಮಲ್ಲಿ ಏನಿದೆ?

"ನಮ್ಮ ಮನಿ ವಾಸನಿ ಅಲ್ಲಿಲ್ಲಬೇ."

"ಎಂಥಾ ವಾಸನಿ?"

"ಮಳ್ಯಾಗ ತೊಯ್ದ ಪುಸ್ತಕದ್ದು."

ನಮ್ಮ ಮನೆಗೆ ವಾಸನೆ ಇದೆಯೇ? ಇಲ್ಲಿಗೆ ಸೊಸೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ನನ್ನ ಮೂಗಿಗೆ ಬಂದಿಲ್ಲ.

ಫೆಬ್ರುವರಿ 25

ಬೆಳಗಿನಿಂದ ಮೂಸಿದೆ. ಗಾದಿ, ಟ್ರಂಕು, ಗೋಡೆ.

"ಬೆಕ್ಕಿನಗತೆ ಏನ ಮೂಸಾಕತ್ತೀಯ?" — ಅತ್ತೆ.

ಕೊನೆಗೆ ಗೋಣಿ. ಕೆಳಗಿನ ಮಡಿಕೆ ಎತ್ತಿದೆ. ಒಳಗೆ ಕಪ್ಪು ಬೂಷ್ಟು, ಮುಟ್ಟಿದರೆ ಪುಡಿ. ಹಿಂದಿನ ಗೋಡೆಯೂ ಕಪ್ಪು. ನಾನೇ ಮೂರು ಸಲ ಸೀನಿದೆ.

ದಿನಕ್ಕೆ ಎರಡು ಹೊತ್ತು ಅದಕ್ಕೆ ನೀರು ಹೊಡೆದವಳು ನಾನೇ. ಮನೆಯೆಲ್ಲ ಒರೆಸಿ ಇದನ್ನೊಂದು ಸಾಕಿದ್ದೇನೆ.

ಫೆಬ್ರುವರಿ 26, ಸಂಜೆ

"ಗೋಣಿ ತಗದ್ರ ನೂಲು ಪಟಪಟ ಹರೀತಾವು," ಯಜಮಾನರು ಸಿಟ್ಟಾದರು. "ದಿನಾ ಗಂಟ ಹಾಕ್ಕೋತ ಕುಂಡ್ರಲೇನು?"

"ಗೋಣಿ ಇಟಗೊಂಡು ಮಗಳನ್ನ ಕಳಸ್ತೀರೇನ್ರಿ?"

ಇಷ್ಟು ಜೋರಾಗಿ ಎಂದೂ ಮಾತಾಡಿದವಳಲ್ಲ. ಯಜಮಾನರು ತಾವೇ ಗೋಣಿಯ ಮಡಿಕೆ ಎತ್ತಿ ನೋಡಿದರು.

"ನಾಕ ದಿನ ನೋಡೂಣು. ನೂಲು ತಡೀಲಿಲ್ಲಂದ್ರ ಗೋಣಿ ಮತ್ತ ಅಲ್ಲೇ."

ಗೋಣಿ ಬಿಸಾಕಿದೆ. ಗೋಡೆ ತಿಕ್ಕಿ ಸುಣ್ಣ ಬಳಿದೆ. ಧೂಳು ಬಾರದಂತೆ ಕಿಟಕಿಗೆ ಹಲಗೆ ಹೊಡೆಸಿದೆ.

ಮಾರ್ಚ್ 2, ಸೋಮವಾರ. ಬೆಳಿಗ್ಗೆ 6:30

ನಾಲ್ಕನೇ ಬೆಳಗು. ಮೊನ್ನೆ ತುಸು ಸುಂಯ್ ಅಂದಿತ್ತು. ನಿನ್ನೆ ಇಲ್ಲ. ಇವತ್ತೂ ಇಲ್ಲ... ಮಗ್ಗ ಶುರುವಾಯಿತು. ಆ ಸದ್ದಿನಲ್ಲಿ ಉಸಿರು ಕೇಳಿಸುವುದಿಲ್ಲ, ಎದೆಯ ಮೇಲೆ ಕೈ ಇಟ್ಟು ನೋಡಬೇಕು. ಮಲಗಿದ್ದಾಳೆ. ಆರಾಮ.

ಆದರೆ ನೂಲು! ಮೊದಲಿಗಿಂತ ಮೂರು ಪಟ್ಟು ಹರಿಯುತ್ತಿದೆ. ನಿನ್ನೆ ಯಜಮಾನರು ಹೊರಗೆ ಹೋಗಿ ಬಿಸಾಕಿದ ಗೋಣಿಯನ್ನು ನೋಡಿ ಬಂದರು. ನಾನು ನೋಡಿದೆ.

ಮಗ್ಗ ನಿಂತಿತು. ಬಾಗಿಲಲ್ಲಿ ಯಜಮಾನರು, ಬೆರಳಿಗೆ ಹರಿದ ಎಳೆ. ಏನೋ ಹೇಳಲು ಬಂದವರು ಮಲಗಿದ ಮಗಳನ್ನು ನೋಡಿದರು. ಎಳೆಯ ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆಯುತ್ತ, ಹಾಗೇ ತಿರುಗಿ ಹೋದರು.

ಗಂಟು ಹಾಕಲು ನನಗೂ ಬರುತ್ತದೆ. ಸಾಲಿ ಬಿಟ್ಟ ವರ್ಷ ಅವ್ವ ಕಲಿಸಿದ್ದಳು. ಮೂರು ಸಲ ನೆಲ ಒರೆಸುವ ಹೊತ್ತು ಈಗ ಖಾಲಿಯೇ ಇದೆ...

ಮಗ್ಗ ಮತ್ತೆ ನಿಂತಿತು. ಹೋಗಿ ಒಂದು ತುದಿ ನಾನು ಹಿಡಿಯುತ್ತೇನೆ.