ಟಿಪ್ಸ್ ಪ್ರತ್ಯೇಕ

೧೨ ಮಾರ್ಚ್ ೧೯೯೯

ಬೆಳಿಗ್ಗೆಯಿಂದ ಪ್ರೂಫ್. ಸಿಂಗಪುರ ಟೂರಿನ ಕರಪತ್ರ ಮೂರನೇ ಸಲ ವಾಪಸ್. ಪ್ರೆಸ್‌ನವನು ಹಡಗಿನ ಚಿತ್ರವನ್ನು ತಲೆಕೆಳಗಾಗಿ ಹಾಕಿದ್ದ. ಹಾಗೇ ಬಿಟ್ಟಿದ್ದರೆ ಮೈಸೂರಿನಲ್ಲಿ ಒಬ್ಬರೂ ಟಿಕೆಟ್ ತೆಗೆಸುತ್ತಿರಲಿಲ್ಲ.

ಮಧ್ಯಾಹ್ನ ಆಫೀಸಿನ ಯಜಮಾನರ ಜೊತೆ ವಾದ. ಕರಿಬಸವಯ್ಯನವರ ಟ್ರಾವೆಲ್ಸ್‌ಗೆ ಸೇರಿ ಹದಿನಾಲ್ಕು ವರ್ಷ, ಒಂದು ದಿನ ದನಿ ಏರಿಸಿದವರಲ್ಲ. ಇವತ್ತೂ ಏರಿಸಲಿಲ್ಲ. ಆದರೆ ಹಟ. ಹಡಗಿನ ಕೆಲಸದವರಿಗೆ ಕೊಡುವ ಟಿಪ್ಸನ್ನು ಟಿಕೆಟ್ಟಿಗೇ ಸೇರಿಸಬೇಕಂತೆ. ಹಡಗಿನ ಕಂಪನಿಯವರು ಹೇಗಾದರೂ ಸರಿ ಅಂದಿದ್ದಾರೆ.

"ನೋಡಿ ಚಂದ್ರಮತಿಯವರೇ, ನಮ್ಮ ಜನ ಅಲ್ಲಿ ಹೋಗಿ ಮುಖ ಮುಖ ನೋಡ್ಕೊಂಡು ನಿಂತ್ಕೋತಾರೆ. ಸೇರಿಸ್ಬುಡಿ ಅತ್ಲಾಗೆ."

ಆಗಲ್ಲ ಸಾರ್ ಅಂದೆ. ಟಿಪ್ಸ್ ಅಂದರೆ ಮನಸ್ಸಿಗೆ ಬಂದು ಕೊಡುವುದು. ಮೊದಲೇ ಕಿತ್ತುಕೊಂಡರೆ ಅದು ಟ್ಯಾಕ್ಸ್. ಮೈಮುರಿದು ದುಡಿದವನಿಗೂ ಗೋಡೆಗೊರಗಿ ನಿಂತವನಿಗೂ ಒಂದೇ ಅಂದರೆ ಯಾವನು ಬಗ್ಗುತ್ತಾನೆ? ಹತ್ತು ನಿಮಿಷ ಮಾತಾಡಿದೆ. ಸಾಕು ತಾಯಿ ಅಂತ ಕೈಮುಗಿದರು. ಗೆದ್ದೆ. ಕೊನೆಯ ಸಾಲು, ಅತಿ ಸಣ್ಣ ಅಕ್ಷರದಲ್ಲಿ — 'ಟಿಪ್ಸ್ ಪ್ರತ್ಯೇಕ.'

೨೧ ಮಾರ್ಚ್, ಸಂಜೆ ೫

ತಮ್ಮ ವಾಗೀಶನ ಫೋನ್. ಯಾವಾಗಲೂ ಆಫೀಸಿಗೇ ಮಾಡುತ್ತಾನೆ. ಮನೆಯಲ್ಲಿ ಅಮ್ಮ ಎತ್ತಿದರೆ 'ಕ್ಯಾಪ್ಟನ್ ಜೊತೆ ಊಟ ಆಯ್ತೇನೋ' ಅಂತ ಶುರು ಮಾಡುತ್ತಾಳೆ.

ಬರೆದುಬಿಡುತ್ತೇನೆ, ಇದನ್ನು ಯಾರು ಓದಬೇಕು. ನನ್ನ ತಮ್ಮ ಈ ಸಿಂಗಪುರದ ಹಡಗಿನಲ್ಲಿ ಆಫೀಸರ್ ಅಲ್ಲ. ರೂಮುಗಳ ಸ್ಟೀವರ್ಡ್. ಹಾಸಿಗೆ ಹಾಸುತ್ತಾನೆ, ಬಾತ್‌ರೂಮ್ ತೊಳೆಯುತ್ತಾನೆ, ಒಗೆದ ಟವೆಲ್ ಇಡುತ್ತಾನೆ. ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದವರು, ಅಪ್ಪ ಸಂಸ್ಕೃತದ ಮೇಷ್ಟ್ರು. ಹೇಗೆ ಹೇಳುವುದು ಅಂತ ಅಮ್ಮನಿಗೆ 'ಶಿಪ್ಪಿಂಗ್ ಆಫೀಸರ್' ಅಂದ. ಅಮ್ಮ ಅದನ್ನು ಕೃಷ್ಣಮೂರ್ತಿಪುರಕ್ಕೆಲ್ಲ ಹೇಳಿಯಾಗಿದೆ. ನಿಜ ಗೊತ್ತಿರುವುದು ನನಗೊಬ್ಬಳಿಗೆ.

ಆದರೆ ಇವತ್ತು ಹೇಳಿದ್ದು ನನಗೂ ಹೊಸದು. ಸಂಬಳ ಅನ್ನೋದು ಹೆಸರಿಗೆ. ಬದುಕೆಲ್ಲ ಟಿಪ್ಸಿನ ಮೇಲೆ.

"ಮೊದ್ಲೇ ಯಾಕೋ ಹೇಳ್ಲಿಲ್ಲ?"

"ನಾಚಿಕೆ ಆಗ್ತಿತ್ತು ಕಣೆ ಅಕ್ಕ."

ನಾಲ್ಕು ತಿಂಗಳಿಂದ ಅದೂ ಸರಿಯಾಗಿ ಗಿಟ್ಟಿಲ್ಲವಂತೆ. ಮೇ ತಿಂಗಳಿಗೆ ಕಾಂಟ್ರಾಕ್ಟ್ ಮುಗಿಯುತ್ತದೆ. ಅಷ್ಟರಲ್ಲಿ ಒಂದು ಒಳ್ಳೇ ಟ್ರಿಪ್ ಆಗದಿದ್ದರೆ ಬಿಟ್ಟು ಬರುತ್ತಾನಂತೆ. ಬಂದು? ವಯಸ್ಸು ಮೂವತ್ತು. ಇದು ನಾಲ್ಕನೇ ಕೆಲಸ. ಇದನ್ನೂ ಬಿಟ್ಟರೆ ಅವನು ಮತ್ತೆ ಎದ್ದು ನಿಲ್ಲುವವನಲ್ಲ, ನನಗೆ ಗೊತ್ತು.

"ಮುಂದಿನ ತಿಂಗಳು ನಿಮ್ಮ ಗ್ರೂಪಿನ ಹನ್ನೆರಡು ರೂಮೂ ನಾನೇ ಕೇಳಿ ಹಾಕಿಸ್ಕೊಂಡಿದೀನಿ. ಇಂಡಿಯಾದವ್ರು ಅಂದ್ರೆ ಟಿಪ್ಸ್ ಬರಲ್ಲ ಅಂತ ಉಳಿದೋರೆಲ್ಲ ಜಾರ್ಕೋತಾರೆ. ನಮ್ಮೂರೋರು ನನ್ನ ಕೈಬಿಡ್ತಾರಾ?"

ಅಚ್ಚಾದ ಕರಪತ್ರದ ಎರಡು ಕಟ್ಟು ಕಾಲಬುಡದಲ್ಲೇ ಇತ್ತು.

ಗ್ರೂಪಿನ ಜೊತೆ ಮ್ಯಾನೇಜರಾಗಿ ಹೋಗುವವಳು ನಾನೇ. ಹಾಗಾಗಿ ಒಂದು ಒಪ್ಪಂದ. ಹಡಗಿನಲ್ಲಿ ನಾನು ಯಾರೋ, ಅವನು ಯಾರೋ. ಗ್ರೂಪಿನವರಿಗೆ ಗೊತ್ತಾದರೆ ವಾರದೊಳಗೆ ಅಮ್ಮನ ಕಿವಿಗೆ.

೧೮ ಏಪ್ರಿಲ್

ಹೊರಡುವವರ ಮೀಟಿಂಗ್, ಆಫೀಸಿನ ಮಹಡಿಯಲ್ಲಿ. ಇಪ್ಪತ್ತೆರಡು ಜನ, ಮೂವತ್ತೆಂಟು ಪ್ರಶ್ನೆ. ಉಪ್ಪಿನಕಾಯಿ ತರಬಹುದಾ. ಹಡಗಿನಲ್ಲಿ ಬಿಸಿನೀರು ಬರುತ್ತದಾ. ಸಮುದ್ರಕ್ಕೆ ಬಿದ್ದರೆ ಇನ್ಶೂರೆನ್ಸ್ ಕೊಡುತ್ತಾರಾ.

ಮನೆಗೊಂದರಂತೆ ಲಕೋಟೆ ಹಂಚಿದೆ. ಕೊನೆಯ ದಿನ ಇದರಲ್ಲಿ ಟಿಪ್ಸ್ ಹಾಕಿ ನಿಮ್ಮ ರೂಮಿನ ಸ್ಟೀವರ್ಡ್ ಕೈಗೆ ಕೊಡಬೇಕು, ಅದೇ ಅವರ ಜೀವನ ಅಂತ ಎರಡೆರಡು ಸಲ ಹೇಳಿದೆ. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಾಗಿರಲಾರದು.

ಶಾಂತಾದೇವಿ ಅನ್ನುವವರು, ಬನ್ನಿಮಂಟಪ, ಅವರ ಗಂಡ ಸಿದ್ದಲಿಂಗಸ್ವಾಮಿಯವರದು ಜವಳಿ ಅಂಗಡಿ. ಎದ್ದು ನಿಂತು ಹೇಳಿದರು — "ಕೊಡೋಣ ಬುಡಿ ಮೇಡಂ. ಕೈ ಎತ್ತಿ ಕೊಡೋ ಜನ ನಾವು. ಮಠದಲ್ಲಿ ದಾಸೋಹ ನಡೆಸೋ ಮನೆತನ." ಎಲ್ಲರೂ ತಲೆಯಾಡಿಸಿದರು. ಸಮಾಧಾನವಾಯಿತು.

೨೭ ಏಪ್ರಿಲ್, ಹಡಗು

ಕಂಡ. ಬಿಳಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. ಸಣ್ಣಗಾಗಿದ್ದಾನೆ. "ವೆಲ್‌ಕಂ ಮೇಡಂ" ಅಂದ. "ಥ್ಯಾಂಕ್ಯೂ" ಅಂದು ಮುಂದೆ ಹೋದೆ. ಇಬ್ಬರೂ ಚೆನ್ನಾಗಿಯೇ ನಟಿಸಿದೆವು.

ಅರ್ಧ ಗಂಟೆಯೂ ಆಗಿಲ್ಲ, ಓಣಿಯಲ್ಲಿ ಶಾಂತಾದೇವಿಯವರ ಕೂಗು. "ಅಯ್ಯೋ ಶಿವನೇ! ಕನ್ನಡ ಮಾತಾಡ್ತೀಯಾ? ಯಾವೂರಪ್ಪ ನಿಂದು?" ಮೈಸೂರು ಅಂದನಂತೆ. ಮುಗಿಯಿತು. ಗ್ರೂಪಿನ ಎಲ್ಲ ರೂಮಿನ ಬಾಗಿಲೂ ತೆರೆಯಿತು. ಒಬ್ಬರು ಕೋಡುಬಳೆ, ಒಬ್ಬರು ಚಟ್ನಿಪುಡಿ, ಒಬ್ಬರು ಗಲ್ಲ ಹಿಡಿದು ಊಟ ಸರಿಯಾಗಿ ಮಾಡ್ತೀಯೇನೋ ಅಂತ ವಿಚಾರಣೆ. ಅವನ ಮುಖ ನೋಡಬೇಕಿತ್ತು. ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಹಾಗೆ.

ಈ ಟ್ರಿಪ್ಪು ಅವನನ್ನು ಉಳಿಸುತ್ತದೆ ಅನ್ನಿಸಿತು.

೨೮ ಏಪ್ರಿಲ್, ಮಧ್ಯಾಹ್ನ

ಉಳಿಸುವ ಲಕ್ಷಣ ಇಲ್ಲ. ಬೆಳಿಗ್ಗೆ ವಾಗೀಶ ರೂಮು ಚೊಕ್ಕ ಮಾಡಲು ಹೋದರೆ ಎಲ್ಲಾ ಮುಗಿದಿದೆ. ಹಾಸಿಗೆ ಅವರೇ ಮಡಚಿ ಇಟ್ಟಿದ್ದಾರೆ. ಬಾತ್‌ರೂಮ್ ಅವರೇ ತೊಳೆದಿದ್ದಾರೆ. ಶಾಂತಾದೇವಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೇಳಿದರು — "ನಮ್ಮ ಮಗೂನ ಕೈಲಿ ನಮ್ಮ ಬಚ್ಚಲು ತೊಳೆಸೋದಾ? ನೀನು ಕೂತ್ಕೋ ಮಗ. ಚಕ್ಕುಲಿ ತಿನ್ನು."

ಕೂತ. ಸೂಪರ್‌ವೈಸರ್ ಬಂದು ನೋಡಿದ, ಏನೋ ಗೊಣಗಿದ.

ಆಮೇಲೆ ಮನೆ ವಿಚಾರ ತೆಗೆದರು. ಯಾರ್ಯಾರಿದ್ದಾರೆ ಅಂತ. ನಾನು ಎರಡು ಮಾರು ದೂರದಲ್ಲಿ ಲಿಸ್ಟ್ ನೋಡುತ್ತಾ ನಿಂತಿದ್ದೆ. "ಅಮ್ಮ ಇದ್ದಾರೆ. ಒಬ್ಬಳು ಅಕ್ಕ, ಸ್ಕೂಲಲ್ಲಿ ಟೀಚರ್" ಅಂದ. ನಾನೇ ಮಾಡಿದ ಒಪ್ಪಂದ. ಆದರೂ ಚುಚ್ಚಿತು.

೨೯ ಏಪ್ರಿಲ್, ಸಂಜೆ

ಮೈಕಿನಲ್ಲಿ ನೆನಪಿಸಿದೆ. ಲಕೋಟೆ, ಲಕೋಟೆ. ಸಿದ್ದಲಿಂಗಸ್ವಾಮಿಯವರು ಪಕ್ಕಕ್ಕೆ ಕರೆದರು.

"ಮೇಡಂ, ಊಟ ಬಡಿಸೋರಿಗೆ ಕೊಟ್ಟಿದೀವಿ. ಹಾಡೋ ಹುಡುಗೀಗೂ ಕೊಟ್ಟಿದೀವಿ. ಆದ್ರೆ ಈ ಹುಡುಗನಿಗೆ ಹೆಂಗೆ ಕೊಡೋದ್ರೀ? ನಮ್ಮೋನಲ್ವಾ? ಕೈಗೆ ದುಡ್ಡಿಟ್ರೆ ಆಳು ಅಂದಂಗಾಗಲ್ವಾ?"

ಹನ್ನೊಂದು ಮನೆಯವರದೂ ಅದೇ ಮಾತು. ಹನ್ನೆರಡನೇ ರೂಮು ನನ್ನದು.

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಬದುಕೋದೇ ಅದರಲ್ಲಿ, ಕೊಡಿ. ಮೀಟಿಂಗಿನಲ್ಲಿ ಯಾರಿಗೋ ಅಂತ ಹೇಳಿದ್ದೆ, ಹೇಳೋಕೆ ಆಯಿತು. ಇಲ್ಲಿ ನನ್ನ ತಮ್ಮನಿಗೆ ಅಂತ ಕೈಚಾಚಿದ ಹಾಗಾಗುತ್ತಿತ್ತು. ನಿಮ್ಮ ಇಷ್ಟ ಅಂದೆ. ನಿಮ್ಮ ಇಷ್ಟ! ಮಾರ್ಚಿನಲ್ಲಿ ಯಜಮಾನರ ಮುಂದೆ ಬಡಬಡಿಸಿದವಳು ನಾನೇ ತಾನೇ, ಮನಸ್ಸಿಗೆ ಬಂದು ಕೊಡಬೇಕು ಅಂತ. ಬಂದಿದೆ ನೋಡು ಇವರ ಮನಸ್ಸಿಗೆ. ತುಂಬಿ ತುಳುಕುವಷ್ಟು ಬಂದಿದೆ.

ಅವನು ಎರಡು ಕೈ ತುಂಬ ವಿಳಾಸದ ಚೀಟಿ ಹಿಡಿದು ನಿಂತಿದ್ದ. ಊರಿಗೆ ಬಂದಾಗ ಮನೆಗೆ ಬಾ, ಮನೆಗೆ ಬಾ ಅಂತ ಎಲ್ಲರೂ. ನಗುತ್ತಿದ್ದ. ಆ ನಗು ನನಗೆ ಗೊತ್ತು. ಎಸ್ಸೆಸ್ಸೆಲ್ಸಿ ಫೇಲಾದ ದಿನವೂ ಹಾಗೇ ನಕ್ಕಿದ್ದ.

೩೦ ಏಪ್ರಿಲ್, ಬೆಳಿಗ್ಗೆ

ಎಲ್ಲರನ್ನೂ ಇಳಿಸಿ, ಏನೋ ಮರೆತೆ ಅಂತ ವಾಪಸ್ ಬಂದೆ. ಅಮ್ಮನಿಗೆ ಬಿಪಿ ಮಷಿನ್ ತರಲು ಇಟ್ಟುಕೊಂಡಿದ್ದ ಐವತ್ತು ಡಾಲರ್ ಲಕೋಟೆಗೆ ಹಾಕಿದೆ. ಎಡಗೈಯಲ್ಲಿ 'ನಮ್ಮನ್ನು ತುಂಬಾ ಚೆನ್ನಾಗಿ ನೋಡಿಕೊಂಡೆ' ಅಂತ ಬರೆದೆ, ಅಕ್ಷರ ಗುರುತು ಸಿಗಬಾರದು. ನನ್ನ ರೂಮಿನಲ್ಲಿಟ್ಟರೆ ಗೊತ್ತಾಗುತ್ತದೆ. ಶಾಂತಾದೇವಿಯವರ ರೂಮಿನ ದಿಂಬಿನ ಕೆಳಗಿಟ್ಟೆ.

೬ ಮೇ

ಫೋನ್. ದನಿ ಕೇಳಿಯೇ ಗೊತ್ತಾಯಿತು.

"ಅಕ್ಕಾ! ಶಾಂತಾದೇವಿ ಆಂಟಿ ಐವತ್ತು ಡಾಲರ್ ಇಟ್ಟು ಹೋಗಿದಾರೆ ಕಣೆ! ಕೈಗೆ ಕೊಟ್ರೆ ಬೇಜಾರಾಗ್ತೀನಿ ಅಂತ ದಿಂಬಿನ ಕೆಳಗೆ!"

"ಹೌದಾ."

"ಉಳಿದ ರೂಮೆಲ್ಲ ಖಾಲಿ. ಹೋಗ್ಲಿ ಬಿಡು. ಒಬ್ರಿಗಾದ್ರೂ ಕಾಣಿಸ್ತಲ್ಲ ನಾನು ಕೆಲಸ ಮಾಡೋದು. ಸೂಪರ್‌ವೈಸರ್‌ಗೂ ತೋರಿಸ್ದೆ. ಇನ್ನಾರು ತಿಂಗಳಿಗೆ ಸೈನ್ ಮಾಡ್ಬಿಟ್ಟೆ."

ಒಳ್ಳೇದಾಯ್ತು ಅಂದೆ. ಸುಳ್ಳಿನ ಮೇಲೆ ಸೈನ್ ಮಾಡಿದ್ದಾನೆ. ಮಾಡಿದ್ದಾನಲ್ಲ, ಅಷ್ಟು ಸಾಕು.

೧೧ ಆಗಸ್ಟ್

ದಸರಾ ರಜೆಯ ಟೂರಿಗೆ ಹೊಸ ಕರಪತ್ರ. ಟಿಪ್ಸ್ ಟಿಕೆಟ್ಟಿಗೇ ಸೇರಿಸೋಣ ಸಾರ್ ಅಂದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಟ್ಯಾಕ್ಸು ಅಂದೋರು ಯಾರು?"

"ನಾನೇ."

"ಈಗ ಏನಂತೀರಿ?"

"ಸಂಬಳ ಅಂತೀನಿ. ದುಡಿದೋನಿಗೆ ದುಡ್ಡು ಬರಬೇಕು ಸಾರ್. ಪ್ರೀತಿ ಇದ್ರೂ ಬರಬೇಕು, ಇಲ್ದಿದ್ರೂ ಬರಬೇಕು."

ನಕ್ಕರು. ಪಕ್ಕದ ರಸ್ತೆಯ ಟ್ರಾವೆಲ್ಸ್‌ನವನು ನಮಗಿಂತ ಕಮ್ಮಿ ರೇಟು ಹಾಕುತ್ತಾನೆ ಅಂತ ಎರಡು ದಿನ ಒದ್ದಾಡಿ ಒಪ್ಪಿದರು. ಸಾಲು ಬದಲಾಯಿತು.

೨೫ ಅಕ್ಟೋಬರ್

ದಸರಾ ಗ್ರೂಪು ಹೋಗಿ ಬಂತು. ನಾನು ಹೋಗಲಿಲ್ಲ. ವಾಗೀಶ ಫೋನಿನಲ್ಲಿ ವರದಿ ಕೊಟ್ಟ. ಟಿಪ್ಸೆಲ್ಲ ಒಟ್ಟು ಸೇರಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾರಂತೆ. ಬರುವುದು ಬರುತ್ತದೆ, ನಿದ್ದೆ ಬರುತ್ತದೆ ಅಂದ.

"ಆದ್ರೆ ಈ ಸಲದೋರು ಯಾವೂರು ಅಂತಾನೂ ಕೇಳ್ಲಿಲ್ಲ ಕಣೆ. ಕನ್ನಡದಲ್ಲಿ ಮಾತಾಡಿದ್ರೆ 'ದುಡ್ಡು ಕಟ್ಟಿದೀವಲ್ಲ, ಇನ್ನೇನು' ಅಂತ ನೋಡಿದ್ರು. ಕೋಡುಬಳೆ ಇಲ್ಲ, ಏನಿಲ್ಲ."

ಎರಡೂ ಬೇಕು ಅಂದರೆ ಎಲ್ಲಿಂದ ತರಲಿ.

೧೩ ನವೆಂಬರ್

ವಾಗೀಶ ರಜಕ್ಕೆ ಬಂದ. ಬ್ಲೇಜರ್ ಹಾಕಿಕೊಂಡು. ಅಮ್ಮ ಅದನ್ನು ಬಿಚ್ಚಲು ಬಿಡದೆ ನಾಲ್ಕು ಮನೆಗೆ ಕರೆದುಕೊಂಡು ಹೋದಳು. ಶಾಂತಾದೇವಿಯವರಿಗೆ ಅಂತ ಒಂದು ಟೇಬಲ್ ಗಡಿಯಾರ ತಂದಿದ್ದಾನೆ. ಬನ್ನಿಮಂಟಪಕ್ಕೆ ಹೋಗಿ ಕೊಟ್ಟು ಥ್ಯಾಂಕ್ಸ್ ಹೇಳಬೇಕಂತೆ.

ಅವರು ಊರಲ್ಲಿಲ್ಲ ಅಂದೆ. ಬಾಯಿಗೆ ಬಂದದ್ದು ಅದು.

೧೬ ನವೆಂಬರ್, ಸಂಜೆ ೬.೩೦

ಆಫೀಸಿನಿಂದ ಬಂದರೆ ಜಗಲಿಯಲ್ಲಿ ಕೂತಿದ್ದ. ಒಬ್ಬನೇ ಬನ್ನಿಮಂಟಪಕ್ಕೆ ಹೋಗಿ ಬಂದಿದ್ದಾನೆ.

"ಅವ್ರು ದುಡ್ಡು ಇಟ್ಟೇ ಇಲ್ವಂತೆ. 'ನಿಂಗೆ ದುಡ್ಡು ಕೊಡೋಕೆ ನೀನೇನು ಹೊರಗಿನೋನಾ ಮಗ' ಅಂತ ಬೈದ್ರು."

ಚಪ್ಪಲಿ ಬಿಡುತ್ತಿದ್ದೆ. ಬಿಡುತ್ತಲೇ ನಿಂತೆ.

"ನೀನಾ ಅಕ್ಕ?"

ಹೂಂ ಅಂದೆ.

"ಹಾಗಾದ್ರೆ ಅವತ್ತು ಯಾರೂ ಕೊಟ್ಟಿರಲಿಲ್ಲ. ಒಬ್ರೂನೂ."

ಅಳು ಬಂತು. ಇಲ್ಲಿ ಬರೆಯಲು ನಾಚಿಕೆಯೇನು. ತಪ್ಪಾಯ್ತು ಕಣೋ ಅಂದೆ. ಅವನು ಬೇರೆ ಮಾತು ತೆಗೆದ.

"ಆ ಮೂರು ದಿನ ನಿನ್ನ ರೂಮಿಗೆ ನಾನು ಕಾಲೇ ಇಡ್ಲಿಲ್ಲ. ಟವೆಲ್ ಸಹ ಬದಲಾಯಿಸ್ಲಿಲ್ಲ. ಅಕ್ಕ ತಾನೇ, ಅವಳೇ ಮಾಡ್ಕೋತಾಳೆ ಅಂತ."

ನಿಜ. ನಾನೇ ಮಾಡಿಕೊಂಡಿದ್ದೆ. ನನಗದು ಲೆಕ್ಕಕ್ಕೇ ಬಂದಿರಲಿಲ್ಲ.

"ಊಟಕ್ಕೆ ಹಾಕಿದ್ರು ಅಕ್ಕ. ಮನೆ ತುಂಬ ನೆಂಟರು. ಎಲ್ರಿಗೂ 'ಹಡಗಲ್ಲಿ ನಮ್ಮ ರೂಮು ಗುಡಿಸ್ತಿದ್ದೋನು ಇವನೇ, ಬಂಗಾರದಂಥ ಹುಡುಗ' ಅಂತ ಪರಿಚಯ ಮಾಡಿಸಿದ್ರು. ಒಬ್ರೂ ಮುಖ ಸಿಂಡರಿಸ್ಲಿಲ್ಲ. ನಮ್ಮ ಮನೇಲಿ ಮಾತ್ರ ನಾನು ಆಫೀಸರ್."

ಎದ್ದು ಒಳಗೆ ಹೋದ.

ಅಮ್ಮ ನಡುಮನೆಯಲ್ಲಿ ಅವರೇಕಾಯಿ ಸುಲಿಯುತ್ತಾ ಕೂತಿದ್ದಾಳೆ. ನಾನು ಕೋಣೆಗೆ ಬಂದು ಇದನ್ನು ಹಿಡಿದಿದ್ದೇನೆ. ಅಲ್ಲಿ ನಿಲ್ಲುವ ಧೈರ್ಯ ಇಲ್ಲ. ಎಲ್ಲಾ ಕೇಳಿಸುತ್ತಿದೆ.

"ಅಮ್ಮ, ನಾನಲ್ಲಿ ಆಫೀಸರ್ ಅಲ್ಲ. ರೂಮು ಗುಡಿಸ್ತೀನಿ. ಹಾಸಿಗೆ ಹಾಸ್ತೀನಿ. ಬಚ್ಚಲು ತೊಳೀತೀನಿ."

ಅವರೇಕಾಯಿ ಸುಲಿಯುವ ಸದ್ದು ನಿಂತಿದೆ. ಅವನು ಮತ್ತೊಮ್ಮೆ ಅಮ್ಮಾ ಅಂದ.

ಈಗ ಕರೆದಳು. ಅವನನ್ನಲ್ಲ. "ಚಂದ್ರೂ, ಬಾ ಇಲ್ಲಿ. ನಿಂಗಿದು ಗೊತ್ತಿತ್ತೇನೇ?"

ಏಳಬೇಕು. ಹೋಗಿ, ಗೊತ್ತಿತ್ತು ಅಂತ—